ತೊಗಲ ದಾರದ ಎರಡು ಗುರುತು

ಶಾಂಡೀನ್ ಕೂಸನ್ನು ಎತ್ತಿಕೊಂಡು ಬಂದಿರಲಿಲ್ಲ. ವರ್ನಾ ಮೊದಲು ಗಮನಿಸಿದ್ದು ಅದನ್ನೇ. ಹಸಿ ಬಾಣಂತಿ, ಚಿನ್ಲಿ ಪಟ್ಟಣದ ಆಚೆಯ ಮಣ್ಣುದಾರಿಯಲ್ಲಿ ಟ್ರಕ್ಕು ಕುಲುಕಿಸಿಕೊಂಡು ಬಂದು, ಇರ್ಮಾ ಬಿಟ್ಸಿಲಿಯ ಅಡುಗೆಮನೆಯಲ್ಲಿ ಬರಿಗೈಯಲ್ಲಿ ನಿಂತಿದ್ದಳು.

"ದೊಡ್ಡಮ್ಮ, ನಮ್ಮನೇಲಿ ಮಲಗಿರೋ ಮಗು ಯಾರದು ಅಂತ ಹುಡುಕಿಕೊಡಿ" ಎಂದಳು.

ಇರ್ಮಾ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಪೊಲೀಸಿನಲ್ಲಿ ಪತ್ತೇದಾರಳಾಗಿದ್ದು ನಿವೃತ್ತಳಾದವಳು. ಆದರೂ ಕಳೆದುಹೋದ ಕುರಿಯಿಂದ ಹಿಡಿದು ಮುನಿದು ಹೋದ ಅಳಿಯನವರೆಗೆ ಎಲ್ಲ ದೂರುಗಳೂ ಈ ಅಡುಗೆಮನೆಗೇ ಬರುತ್ತಿದ್ದವು. ವರ್ನಾ ಅವಳ ಹಳೆಯ ಗೆಳತಿ, ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಇರ್ಮಾಳ ಕಾರು ಓಡಿಸುವುದು, ಅವಳು ಬಾಯಿಬಿಡದ್ದನ್ನು ಊಹಿಸಿ ಸೋಲುವುದು ಅವಳ ಕೆಲಸ.

ಶಾಂಡೀನ್ ಹೇಳಿದ್ದು ಹೀಗೆ. ಮಗು ಎಲೈ ಹುಟ್ಟಿದಾಗ, ಎಲ್ಲ ಮಕ್ಕಳಿಗೂ ಮಾಡುವಂತೆ, ಆಸ್ಪತ್ರೆಯವರು ಹಿಮ್ಮಡಿ ಚುಚ್ಚಿ ರಕ್ತದ ಹನಿಗಳನ್ನು ಪರೀಕ್ಷೆಗೆ ಕಳಿಸಿದರು. ರೋಗದೊಡನೆ ಹೋರಾಡುವ ಕಣಗಳೇ ಅದರಲ್ಲಿಲ್ಲ, ಇದು ತಂದೆತಾಯಿ ಇಬ್ಬರಿಂದಲೂ ಸದ್ದಿಲ್ಲದೆ ಇಳಿದು ಬರುವ ಕೊರತೆ, ಒಂದು ನೆಗಡಿಯೂ ಪ್ರಾಣ ತೆಗೆದೀತು ಎಂದು ಉತ್ತರ ಬಂತು. ಖಚಿತಪಡಿಸಿಕೊಳ್ಳಲು ನರ್ಸ್ ಇಂಗ್ರಿಡ್ ಮನೆಗೇ ಬಂದು ಮತ್ತೆ ರಕ್ತ ತೆಗೆದಳು. ಆ ರಕ್ತದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮನೆಯವರು ಸಂತೋಷಪಡುವಷ್ಟರಲ್ಲಿ ಡಾಕ್ಟರು ಎರಡನ್ನೂ ಹೋಲಿಸಿ ನೋಡಿ, ಇವು ಒಂದೇ ಮಗುವಿನ ರಕ್ತವಲ್ಲ ಎಂದರು.

"ಮೂರನೇ ಸಲ ಚುಚ್ಚಬೇಕಂತೆ. ನಾನು ಬಿಡಲಿಲ್ಲ. ಮೊದಲು ಇದು ಯಾರ ಮಗು ಅಂತ ಹೇಳ್ಲಿ. ಆಸ್ಪತ್ರೇಲೇ ಅದಲು ಬದಲು ಆಗಿರ್ಬೇಕು, ಇಲ್ಲಾ ಆ ನರ್ಸ್ ಏನೋ ಆಟ ಕಟ್ಟಿದಾಳೆ. ಎತ್ಕೊಳ್ಳೋಕೂ ಮನಸ್ಸು ಬರ್ತಿಲ್ಲ ದೊಡ್ಡಮ್ಮ. ಬೆಳಗ್ಗೆಯಿಂದ ಅದಕ್ಕೆ ಮೈ ಬೇರೆ ಬಿಸಿ."

ಇರ್ಮಾ ಆಗಲೇ ಎದ್ದಿದ್ದಳು.

ವರ್ನಾ ಶಾಂಡೀನ್‌ಳ ಟ್ರಕ್ಕನ್ನೇ ಓಡಿಸಿದಳು; ದಾರಿಯಲ್ಲಿ ಇಂಗ್ರಿಡ್‌ಳನ್ನು ಹತ್ತಿಸಿಕೊಂಡರು. ಉತ್ತರದ ಹಿಮದ ನಾಡಿನ ಹೆಂಗಸು. ಕೆಲಸ ಹೋದಂತೆಯೇ ಎಂದು ಸಾಮಾನು ಕಟ್ಟಿಟ್ಟಿದ್ದಳು. ಆದರೂ ಹಿಂದಿನ ಸೀಟಿನಲ್ಲಿ ಬಿಕ್ಕುತ್ತಿದ್ದ ಶಾಂಡೀನ್‌ಳ ಹೆಗಲಿಗೆ ತನ್ನ ಶಾಲು ಹೊದಿಸಿದಳು. ಶಾಂಡೀನ್ ಅದನ್ನು ಪಕ್ಕಕ್ಕೆ ಸರಿಸಿದಳು.

ಆ ದಿನದ್ದನ್ನು ಇಂಗ್ರಿಡ್ ನೆನಪು ಮಾಡಿಕೊಂಡಳು. ಶಾಂಡೀನ್ ಮನೆಯಲ್ಲಿರಲಿಲ್ಲ; ಅವಳ ಗಂಡ ಡಾರಲ್ ಅಂಗಳದಲ್ಲಿ ಟ್ರಕ್ಕು ರಿಪೇರಿ ಮಾಡುತ್ತ ಅದರ ಅಡಿಯಲ್ಲಿ ಮಲಗಿದ್ದ. ಬೆರಳು ತೋರಿಸದೆ, ಅವರ ರೂಢಿಯಂತೆ ತುಟಿಯನ್ನೇ ಚಾಚಿ, ಮಗ ಒಳಗಿದ್ದಾನೆ ಎಂದು ತೋರಿಸಿದ. ಒಳಗೆ ಶಾಂಡೀನ್‌ಳ ಅಕ್ಕ ಲೋರೀನ್ ರಾತ್ರಿಪಾಳಿ ಮುಗಿಸಿ ಮಲಗಿದ್ದಳು. ಕೂಸನ್ನು ತೊಗಲ ದಾರದಿಂದ ಬಿಗಿದು ಮಲಗಿಸುವ ಎರಡು ತೊಟ್ಟಿಲ ಹಲಗೆಗಳು ಗೋಡೆಗೆ ಒರಗಿದ್ದವು. ಒಂದರಲ್ಲಿ ಎಲೈ, ಇನ್ನೊಂದರಲ್ಲಿ ಲೋರೀನಳ ಮಗ ಕೋಲ್. ನೊಣಕ್ಕೆಂದು ಇಬ್ಬರ ಮುಖಕ್ಕೂ ಬಟ್ಟೆ ಮುಚ್ಚಿತ್ತು. "ಎಬ್ಬಿಸೋಕೆ ಮನಸ್ಸಾಗಲಿಲ್ಲ. ದಾರ ಸಡಿಲಿಸಿ ಪಾದ ಅಷ್ಟೇ ಈಚೆ ತೆಗೆದೆ. ಆ ಹಲಗೆಯ ಹೊಸ ಪೈನ್ ಮರದ ವಾಸನೆ ಇನ್ನೂ ಮೂಗಲ್ಲಿದೆ."

ಇದರಲ್ಲಿ ತಪ್ಪೆಲ್ಲಿದೆ ಎಂದು ವರ್ನಾಗೆ ತಿಳಿಯಲಿಲ್ಲ. ಡಾರಲ್ ಮೇಲೆ ಅವಳಿಗೆ ಸಂಶಯ ಹುಟ್ಟಿತ್ತು. ಮಗನನ್ನು ದೂರದ ಪಟ್ಟಣದ ಆಸ್ಪತ್ರೆಗೆ ಕಳಿಸುವುದಿಲ್ಲ ಎಂದು ಹಟ ಹಿಡಿದವನು ಅವನೇ. ಆದರೆ ನರ್ಸ್ ಬಂದಾಗ ಅವನು ಒಳಗೇ ಹೋಗಲಿಲ್ಲವಲ್ಲ?

ಮರದ ದುಂಡುಮನೆಯಲ್ಲಿ ಶಾಂಡೀನ್‌ಳ ತಾಯಿ ಡೆಜ್ಬಾ ಅಜ್ಜಿ ಎಲ್ಲರಿಗೂ, ಇಂಗ್ರಿಡ್‌ಗೂ, ಕಾಫಿ ಕೊಟ್ಟಳು. ಬಡಕಲು ಎಲೈ ಅಪ್ಪ ಮಾಡಿದ ಬಿಳಿ ಹೊಸ ಹಲಗೆಯಲ್ಲಿದ್ದ. ಗುಂಡಗುಂಡಗಿನ ಕೋಲ್, ತಲೆಮಾರುಗಳ ಕೈ ತಾಗಿ ಕಪ್ಪಾದ ಹಳೆಯ ಹಲಗೆಯಲ್ಲಿದ್ದ. ಇರ್ಮಾ ಯಾರನ್ನೂ ಏನೂ ಕೇಳಲಿಲ್ಲ. ಕೈ ತೊಳೆದು ಬಂದು ಹೊಸ ಹಲಗೆಯ ತೊಗಲ ದಾರವನ್ನು ಬೆರಳಲ್ಲಿ ಸವರಿದಳು.

"ವರ್ನಾ, ಈ ದಾರ ನೋಡು."

"ನೋಡಿದೆ. ದಾರ."

"ಅಷ್ಟೇನಾ? ನಲವತ್ತು ವರ್ಷ ಮಕ್ಕಳಿಗೆ ಏನ್ ಕಲಿಸಿದ್ಯೋ ನೀನು."

ಇರ್ಮಾ ಎಲ್ಲರನ್ನೂ ಕೂರಿಸಿದಳು. ನವಾಹೊಗಳಲ್ಲಿ ಅತ್ತೆಯ ಮುಖ ಅಳಿಯ ನೋಡಬಾರದು, ಹಾಗಾಗಿ ಡಾರಲ್ ಬಾಗಿಲ ಹೊರಗೇ ಬೆನ್ನು ಮಾಡಿ ಕೂತ.

"ಡಾರಲ್ ಅವತ್ತೂ ಇದಕ್ಕೇ ಒಳಗೆ ಬರಲಿಲ್ಲ" ಎಂದು ಇರ್ಮಾ ಶುರುಮಾಡಿದಳು. "ಅತ್ತೆ ಇದ್ದಾರು ಅಂತ. ಹಾಗಾಗಿ ಯಾವ ಮಗು ಅಂತ ಇಂಗ್ರಿಡ್‌ಗೆ ತೋರಿಸೋರು ಇರಲಿಲ್ಲ. ಮುಖ ಮುಚ್ಚಿತ್ತು. ಅವಳು ಗುರುತು ಹಿಡಿದದ್ದು ಮಗುವನ್ನಲ್ಲ, ಹಲಗೆಯನ್ನ. ಹಿಂದೆ ಒಂದ್ಸಲ ಮಗು ನೋಡೋಕೆ ಬಂದಾಗ ಎಲೈ ಹೊಸ ಹಲಗೇಲಿದ್ದ, ಈ ಸಲವೂ ಅವನೇ ಅಂದ್ಕೊಂಡ್ಳು. ಈ ಹಲಗೆ ಎಲೈಗೇ ಅಂತ ಮಾಡಿದ್ದು, ಇದರಲ್ಲಿ ಇನ್ಯಾರೂ ಮಲಗಿರಬಾರದು. ಹಾಗಿದ್ರೆ ದಾರದಲ್ಲಿ ಗಂಟಿನ ಗುರುತು ಒಂದೇ ಇರ್ಬೇಕು. ಇಲ್ಲಿ ಎರಡಿದೆ. ಒಂದು ಬಿಗಿಯಾಗಿ ಎಳೆದು ಕಟ್ಟಿದ್ದು, ಎಲೈಗೆ. ಇನ್ನೊಂದು ಎಷ್ಟು ಸಡಿಲ ನೋಡಿ. ದಪ್ಪ ಮಗುವಿಗೆ ಕಟ್ಟಿದ್ದು, ಅದೂ ಒಂದು ದಿನ ಅಲ್ಲ."

ಲೋರೀನ್ ತನ್ನ ಗುಂಡು ಮಗನತ್ತ ನೋಡಿದಳು.

"ಎರಡನೇ ರಕ್ತ ಕೋಲ್‌ದು. ಅವನದ್ದನ್ನ ಹೋಲಿಸಿದ್ರೆ ಡಾಕ್ಟರಿಗೂ ತಿಳೀತದೆ. ಆಸ್ಪತ್ರೇಲಿ ಯಾರೂ ಬದಲಾಗಿಲ್ಲ ಮಗಳೇ. ಮೊದಲನೇ ರಕ್ತ ನಿನ್ನ ಮಗಂದೇ."

ಹಾಗಾದರೆ ಮಕ್ಕಳನ್ನು ಅದಲು ಬದಲು ಮಾಡಿ ಕಟ್ಟಿದ್ದು ಯಾರು? ಕೇಳಬೇಕೆಂದು ವರ್ನಾ ಬಾಯಿ ತೆರೆದಳು. ಇರ್ಮಾ ಅವಳ ಮೊಣಕೈ ಒತ್ತಿದಳು. ಡೆಜ್ಬಾ ಅಜ್ಜಿ ಕಾಫಿಯ ಪಾತ್ರೆ ಕೆಳಗಿಟ್ಟಳು.

"ಆ ಹಳೇ ಹಲಗೇಲಿ ಮಲಗಿದ ಯಾವ ಕೂಸೂ ಸತ್ತಿಲ್ಲ. ನನ್ನ ಮೊದಲನೇದು ಬೇರೆ ಹಲಗೇಲಿ ಮಲಗಿತ್ತು. ಹಾಲು ಕುಡೀತಾ ಕುಡೀತಾನೇ ಸೊರಗಿ ಹೋಯ್ತು. ಆ ಹಲಗೇನ ಇಟ್ಕೊಳ್ಳಲಿಲ್ಲ ನಾವು. ಎಲೈಗೂ ಹಾಗೇ ಅಂತ ಕೇಳಿದ್ಮೇಲೆ, ಮುಂಜಾನೆ ನೀವು ಹತ್ತಿರ ಇಲ್ಲದ ಹೊತ್ತು ಇವನನ್ನ ಅದರಲ್ಲಿ ಕಟ್ತಿದ್ದೆ, ಕೋಲ್‌ನ ಇದರಲ್ಲಿ. ಮಧ್ಯಾಹ್ನಕ್ಕೆ ಮತ್ತೆ ಬದಲಿಸ್ತಿದ್ದೆ. ಕೆಟ್ಟದ್ದನ್ನ ಬಾಯಲ್ಲಿ ಆಡಿದ್ರೆ ಕರೆದ ಹಾಗೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ನರ್ಸಮ್ಮ ಬಂದಾಗ ಕುರಿ ಹಟ್ಟೀಲಿದ್ದೆ."

ಯಾರೂ ಸುಳ್ಳು ಹೇಳಿರಲಿಲ್ಲ. ಗೊಂದಲ ಬಿಡಿಸಿದ್ದಕ್ಕೆ ಸಂತೋಷಪಡಬೇಕೋ, ಅದು ತೋರಿಸಿದ ಸತ್ಯಕ್ಕೆ ಅಳಬೇಕೋ ವರ್ನಾಗೆ ತಿಳಿಯಲಿಲ್ಲ. ಮಗು ಶಾಂಡೀನ್‌ಳದೇ, ಕೊರತೆಯೂ ಮಗುವಿನದೇ. ಶಾಂಡೀನ್ ದಾರ ಬಿಚ್ಚಿ ಎಲೈಯನ್ನು ಎತ್ತಿಕೊಂಡಳು. ಎದೆಗೊತ್ತಿಕೊಂಡಳು. "ಚುಚ್ಚಿ" ಎಂದಳು ಇಂಗ್ರಿಡ್‌ಗೆ. "ಎಲ್ಲಿಗೆ ಕರ್ಕೊಂಡು ಹೋಗ್ಬೇಕೋ ನಡೀರಿ."

ಹೊರಗೆ ಟ್ರಕ್ಕು ಶುರುವಾದ ಸದ್ದು ಕೇಳಿತು. ಪಟ್ಟಣ ಬೇಡ ಎಂದಿದ್ದ ಡಾರಲ್ಲೇ ಅದನ್ನು ಶುರುಮಾಡಿದ್ದ.

ಪಟ್ಟಣದ ಆಸ್ಪತ್ರೆಯಲ್ಲಿ ಜ್ವರ ಇಳಿಯಿತು. ಅಪ್ಪನ ಮೂಳೆಯ ಮಜ್ಜೆ ಮಗನ ಮೈಗೆ ಹತ್ತಿತು. ಹಲಗೆಯನ್ನು ಆ ಕೋಣೆಯೊಳಗೆ ಬಿಡಲಿಲ್ಲವಾದ್ದರಿಂದ ಅಜ್ಜಿ ಹಳೆಯದನ್ನು ಗಾಜಿನ ಈಚೆ, ಕೂಸಿಗೆ ಕಾಣುವಂತೆ ಒರಗಿಸಿದ್ದಳು. ರಜೆ ಹಾಕಿ ನೋಡಲು ಬಂದ ಇಂಗ್ರಿಡ್ ಅದರ ಹಿಂದೆ ಬಗ್ಗಿ, ಮುಸುಕು ಹಾಕಿದ ಮುಖ ಮೇಲೆತ್ತಿದಳು. ಎಲೈ ನಕ್ಕ. ಸದ್ದು ಮಾಡಿ, ಮೊದಲ ಸಲ ನಕ್ಕ.

ನವಾಹೊ ರೂಢಿಯಲ್ಲಿ ಕೂಸನ್ನು ಮೊದಲು ನಗಿಸಿದವರು ಊರಿಗೆ ಊಟ ಹಾಕಿ, ಕೂಸಿನ ಕೈಯಿಂದ ಉಪ್ಪು ಹಂಚಿಸಬೇಕು. ಆ ಮಗುವಿಗೆ ಅವರದೇ ಗುಣ ಬರುತ್ತದೆ.

"ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ ನರ್ಸಮ್ಮ" ಎಂದಳು ಅಜ್ಜಿ. "ಊಟಕ್ಕೆ ಕುರಿ ನಾನು ಕೊಡ್ತೀನಿ."

ಶಾಂಡೀನ್ ಚೀಲದಿಂದ ಕಲ್ಲುಪ್ಪಿನ ಗಂಟು ತೆಗೆದು ಇಂಗ್ರಿಡ್‌ಳ ಅಂಗೈಯಲ್ಲಿಟ್ಟಳು.

"ನನ್ನ ಮಗ ಮನೆಗೆ ಬರೋವರೆಗೆ ಇದು ನಿಮ್ಮ ಹತ್ರ ಇರ್ಲಿ" ಎಂದಳು.