ಐದೂವರೆಯ ಸಹಿ

ಹದಿನಾಲ್ಕನೇ ತಾರೀಕು, ಗುರುವಾರ. ಬೆಳಿಗ್ಗೆ 7.10ಕ್ಕೆ ವಿಮಾನ ನಿಲ್ದಾಣದ ಠಾಣೆಗೆ ದೂರು ಬಂತು. ತಂದವರು ಸಣ್ಣ ಊರುಗಳ ನಡುವೆ ವಿಮಾನ ಓಡಿಸುವ ಕಂಪನಿಯ ಮ್ಯಾನೇಜರು. ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ, ಮುಖ ಕೆಟ್ಟಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದರು.

"ನಮ್ಮ ವಿಮಾನದ ಲಾಗ್ ಪುಸ್ತಕ, ಪ್ರತಿ ಹಾರಾಟದ ವಿವರ ಬರೆಯೋದು, ಕಳುವಾಗಿದೆ. ಅದಿಲ್ಲದೆ ವಿಮಾನ ಮೇಲೇಳೋ ಹಾಗಿಲ್ಲ. 6.15ರ ಹಾರಾಟ ರದ್ದಾಯ್ತು. ಹತ್ತೊಂಬತ್ತು ಜನರನ್ನ ಬಸ್ಸು ಹತ್ತಿಸಿ ಬಂದಿದ್ದೀನಿ. ಮಧ್ಯಾಹ್ನದೊಳಗೆ ನನಗೆ ಕಳ್ಳ ಬೇಕು."

"ಕಳ್ಳ ಬೇಕೋ, ಪುಸ್ತಕ ಬೇಕೋ?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡೂ."

ಇನ್‌ಸ್ಪೆಕ್ಟರಿಗೆ ಐವತ್ತೆರಡು ವರ್ಷ. ದಿನದ ಮೊದಲ ಕಾಗದಕ್ಕೆ ಸಹಿ ಹಾಕುವ ಮುಂಚೆ ಅರೆಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಅವರ ಅಭ್ಯಾಸ. ಬೇಡಿಕೊಳ್ಳುತ್ತಿದ್ದದ್ದು ಒಂದೇ: ಇವತ್ತು ನನ್ನ ಕೈಯಿಂದ ತಪ್ಪು ಮನುಷ್ಯನಿಗೆ ಬೇಡಿ ಬೀಳದಿರಲಿ. ಆಮೇಲೆ ದೂರಿನಲ್ಲಿ ಪುಸ್ತಕದ ವಿವರ ಬರೆಸಿದರು. ನೀಲಿ ರಟ್ಟು, ನೂರು ಪುಟ, ಪ್ರತಿ ಪುಟಕ್ಕೂ ಅಚ್ಚಾದ ಸಂಖ್ಯೆ, ಅರವತ್ತೊಂದು ಪುಟ ತುಂಬಿವೆ. 7.40ಕ್ಕೆ ಎಫ್‌ಐಆರ್ ದಾಖಲಾಯಿತು.

ಹೆಡ್ ಕಾನ್‌ಸ್ಟೇಬಲ್ಲನನ್ನು ಠಾಣೆಯವರೆಲ್ಲ ಕರೆಯುವುದು ಮೀಸೆ ಎಂದೇ. ಅವನು ಜೀಪು ಹತ್ತುತ್ತ ಹೇಳಿದ, "ಸೈಕಲ್ ಕಳವು ನೋಡಿದ್ದೀನಿ, ಎಮ್ಮೆ ಕಳವು ನೋಡಿದ್ದೀನಿ. ವಿಮಾನ ಬಿಟ್ಟು ಅದರ ಪುಸ್ತಕ ಹೊತ್ಕೊಂಡು ಹೋದೋನ್ನ ಮೊದಲ ಸಲ ಕೇಳ್ತಿರೋದು ಸಾರ್."

ಹಿಂದೆ ಕೂತಿದ್ದ ಮಹಿಳಾ ಕಾನ್‌ಸ್ಟೇಬಲ್ ನಕ್ಕಳು. "ನಿಮ್ಮ ಮನೇಲಿ ವಿಮಾನ ಇಡೋಕೆ ಜಾಗ ಎಲ್ಲಿದೆ ಅಣ್ಣ?"

8.15ಕ್ಕೆ ಸ್ಥಳ ಪರಿಶೀಲನೆ. ಪುಟ್ಟ ವಿಮಾನ: ಎರಡು ರೆಕ್ಕೆಯಲ್ಲಿ ಎರಡು ಪಂಖ, ಒಳಗೆ ಹತ್ತೊಂಬತ್ತು ಸೀಟು. ಹಾರಿಸುವವರಿಗೂ ಕೂತವರಿಗೂ ನಡುವೆ ಬಾಗಿಲಿಲ್ಲ, ಒಂದು ಪರದೆ ಅಷ್ಟೆ. ಬೀಗ ಒಡೆದ ಗುರುತಿಲ್ಲ, ಏನೂ ಚೆಲ್ಲಾಪಿಲ್ಲಿಯಾಗಿಲ್ಲ. ಇನ್‌ಸ್ಪೆಕ್ಟರ್ ನಿಧಾನವಾಗಿ ಒಂದು ಸುತ್ತು ಬಂದು ಮೂತಿಯ ಹತ್ತಿರ ನಿಂತರು. ಅಲ್ಲಿ ಎರಡೂ ಪಕ್ಕದಲ್ಲಿ ಬೆರಳು ಗಾತ್ರದ ಕೊಳವೆಗಳು ಚಾಚಿಕೊಂಡಿದ್ದವು. ಅವಕ್ಕೆ ಕೆಂಪು ಗವಸು ತೊಡಿಸಿ, ಪಟ್ಟಿ ಬಿಗಿದು ಕಟ್ಟಿತ್ತು.

"ಇದೇನು?"

ಪಕ್ಕದಲ್ಲಿದ್ದ ಕಂಪನಿಯ ಮೆಕ್ಯಾನಿಕ್ ಎಣ್ಣೆಗೈ ಒರೆಸಿಕೊಂಡ. "ಗಾಳಿ ವೇಗ ಅಳೆಯೋ ಕೊಳವೆ ಸಾರ್. ವಿಮಾನ ನಿಂತಿರೋವಾಗ ಬಾಯಿ ಮುಚ್ಚಿಡ್ತೀವಿ. ಇಲ್ಲಾಂದ್ರೆ ಕಣಜ ಹೊಕ್ಕು ಗೂಡು ಕಟ್ಟತ್ತೆ. ಹಾಗೇ ಹಾರಿದ್ರೆ ಎಷ್ಟು ವೇಗದಲ್ಲಿದ್ದೀವಿ ಅಂತಾನೇ ಗೊತ್ತಾಗಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಕಾಡಲ್ಲಿ ಬಿಟ್ಟ ಹಾಗೆ."

"ಇವತ್ತು ಮುಚ್ಚಿದ್ದು ಯಾರು?"

"ಅದೇ ನನಗೂ ಬಗೆಹರೀತಿಲ್ಲ. 5.05ಕ್ಕೆ ನಾನೇ ಬಿಚ್ಚಿದೆ. ಪುಸ್ತಕಕ್ಕೆ ಸಹಿ ಹಾಕಿ ಸೀಟಿನ ಮೇಲಿಟ್ಟೆ. ಎಣ್ಣೆ ಡಬ್ಬ ತರೋಕೆ ಶೆಡ್ಡಿಗೆ ಹೋಗಿ 5.25ಕ್ಕೆ ಬಂದ್ರೆ ಪುಸ್ತಕ ಇಲ್ಲ, ಗವಸು ಯಾರೋ ಮತ್ತೆ ಹಾಕಿದ್ದಾರೆ."

"ಕದಿಯೋಕೆ ಬಂದೋನು ಮನೆಗೆ ಬೀಗ ಹಾಕಿ ಹೋದ ಹಾಗಾಯ್ತಲ್ಲಪ್ಪ," ಎಂದ ಮೀಸೆ.

ಇನ್‌ಸ್ಪೆಕ್ಟರ್ ಗವಸಿನ ಪಟ್ಟಿಯನ್ನು ಬೆರಳಿಂದ ಮುಟ್ಟಿ ನೋಡಿದರು. ಅವಸರದ ಕೈ ಕಟ್ಟಿದ್ದಲ್ಲ. ಈ ವಿಮಾನ ಇವತ್ತು ಹಾರುವುದಿಲ್ಲವೆಂದು ಗೊತ್ತಿದ್ದವರು, ಹಾರದೆ ನಿಂತರೂ ಅದಕ್ಕೆ ಕೇಡಾಗಬಾರದೆಂದು ಬಯಸಿದವರು ಕಟ್ಟಿದ್ದು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡುವ ಬದಲು ಆ ಕೈ ಅಭ್ಯಾಸಬಲದಿಂದ ಇಲ್ಲಿಗೆ ಬಂದಿತ್ತು.

"ಬೆಳಿಗ್ಗೆ ವಿಮಾನ ಹಾರಿಸೋರು ಎಷ್ಟು ಜನ ಇದ್ರು?"

"ಇಬ್ಬರೇ. ನಮ್ಮ ಕ್ಯಾಪ್ಟನ್ ಅಕ್ಕ, ಕೋ-ಪೈಲಟ್ಟು." ಹೇಳಿದವನಿಗೆ ತಾನು ಹೇಳಿದ್ದರ ಅರ್ಥ ಹೊಳೆಯಿತು. "ಅಕ್ಕ ಅಂಥವರಲ್ಲ ಸಾರ್," ಎಂದು ಸೇರಿಸಿ ತಲೆ ತಗ್ಗಿಸಿದ.

ಇಬ್ಬರೂ ವಿಶ್ರಾಂತಿ ಕೋಣೆಯಲ್ಲಿದ್ದರು. ಸಾಮಾನು ಶೆಡ್ಡಿನ ಹಿಂದಿನ ಕೋಣೆ ಅದು. ಕಿಟಕಿಯಿಲ್ಲ. ಗೋಡೆಯ ಆಚೆ ಜನರೇಟರ್ ಗುಡುಗುತ್ತಿತ್ತು, ಈಚೆ ಎರಡು ಕಬ್ಬಿಣದ ಮಂಚ ನಡುಗುತ್ತಿದ್ದವು. ಹಾರಾಟಗಳ ನಡುವೆ ಪೈಲಟ್‌ಗಳು ನಿದ್ದೆ ಮಾಡಬೇಕಾದ ಜಾಗ ಇದೇ ಎಂದು ಮೀಸೆಗೆ ಎರಡು ಸಲ ಹೇಳಬೇಕಾಯಿತು. ಅವನು ಒಂದು ಮಂಚದ ಮೇಲೆ ಕೂತು ಹೇಳಿಕೆ ಬರೆಯುವ ಹಾಳೆ ತೆಗೆದ.

ಕ್ಯಾಪ್ಟನ್ನಿಗೆ ನಲವತ್ತಾರು. ಬಿಳಿ ಅಂಗಿ ಒಗೆದೊಗೆದು ತೆಳುವಾಗಿತ್ತು, ಕಣ್ಣ ಕೆಳಗೆ ಕಪ್ಪು. ಮಹಿಳಾ ಕಾನ್‌ಸ್ಟೇಬಲ್ ಅವರ ಬ್ಯಾಗು ತಪಾಸಣೆ ಮಾಡಿದಳು. ನಕ್ಷೆ, ಟಾರ್ಚು, ಬಿಸ್ಕತ್ತು, ಮಡಿಸಿದ ಒಂದು ಪತ್ರ. ದೊಡ್ಡ ವಿಮಾನಗಳ ಕಂಪನಿಯಿಂದ ಬಂದದ್ದು: ಆಯ್ಕೆಯಾಗಿದ್ದೀರಿ, ಬರುವ ಒಂದನೇ ತಾರೀಕು ಹಾಜರಾಗತಕ್ಕದ್ದು, ಯಾವುದೇ ಪೊಲೀಸ್ ಪ್ರಕರಣ ಇರತಕ್ಕದ್ದಲ್ಲ.

"ಒಳ್ಳೇ ಸುದ್ದಿ," ಎಂದರು ಇನ್‌ಸ್ಪೆಕ್ಟರ್.

"ಹದಿನೆಂಟು ವರ್ಷ ಕಾದಿದ್ದು ಸಾರ್. ಈ ವಯಸ್ಸಿಗೆ ಇನ್ನೊಂದು ಸಲ ಯಾರೂ ಕರೆಯಲ್ಲ."

"ಇವತ್ತು ಎಷ್ಟು ಹೊತ್ತಿಗೆ ಬಂದ್ರಿ?"

ಕ್ಯಾಪ್ಟನ್ ಕೋ-ಪೈಲಟ್ಟನ ಕಡೆ ನೋಡಲಿಲ್ಲ. "ಹಾಜರಿ ಪುಸ್ತಕದಲ್ಲಿ ಏನಿದೆಯೋ ಅದೇ."

"ಪುಸ್ತಕ ಆಮೇಲೆ. ನೀವು ಹೇಳಿ."

"ನಮ್ಮ ಕಂಪನೀಲಿ ನಾವು ಹೇಳಿದ್ದು ನಡೆಯಲ್ಲ ಸಾರ್. ಪುಸ್ತಕ ಹೇಳಿದ್ದು ನಡೆಯುತ್ತೆ. ಬೇಕಾದ್ರೆ ಮ್ಯಾನೇಜರನ್ನ ಕೇಳಿ."

ಮೂವತ್ತು ವರ್ಷದ ಕೋ-ಪೈಲಟ್ಟೂ ಅಷ್ಟನ್ನೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡ.

9.50ಕ್ಕೆ ಇನ್‌ಸ್ಪೆಕ್ಟರ್ ಮ್ಯಾನೇಜರರ ಕೋಣೆಯಲ್ಲಿ ಹಾಜರಿ ಪುಸ್ತಕ ತೆರೆದರು. ಪೈಲಟ್‌ಗಳ ಕೆಲಸ ದಿನಕ್ಕೆ ಹದಿಮೂರು ಗಂಟೆ ಮೀರಬಾರದೆಂಬ ನಿಯಮಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿತ್ತು. ಪುಸ್ತಕದಲ್ಲಿ ಇವತ್ತು ಬಂದ ಸಮಯ 5.30. ನಿನ್ನೆ ಬಂದದ್ದು 5.30, ಹೋದದ್ದು ಸಂಜೆ 6.30. ಹಿಂದಿನ ದಿನವೂ ಅಷ್ಟೇ, ಹಿಂದಿನ ವಾರವೂ ಅಷ್ಟೇ. ಮೂರು ತಿಂಗಳಲ್ಲಿ ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಸಹಿಗಳು ಬೇರೆಬೇರೆ, ಸಮಯ ಬರೆದ ಕೈ ಮಾತ್ರ ಒಂದೇ. ಸೂರ್ಯನೂ ದಿನಕ್ಕೊಂದು ನಿಮಿಷ ಆಚೀಚೆ ಮಾಡುತ್ತಾನೆ, ಈ ಮನುಷ್ಯರು ಮಾಡುವುದಿಲ್ಲ ಎಂದುಕೊಂಡರು ಇನ್‌ಸ್ಪೆಕ್ಟರ್. ಆದರೆ ಹೇಳಿದ್ದು ಬೇರೆ.

"ನೋಡಿ, ಕಳವಾದದ್ದು 5.05ರಿಂದ 5.25ರ ನಡುವೆ. ಪೈಲಟ್‌ಗಳಿಬ್ಬರೂ ಬಂದದ್ದು 5.30ಕ್ಕೆ. ಅಂದ್ಮೇಲೆ ಅವರಲ್ಲ. ಆ ಹೊತ್ತಲ್ಲಿ ಇಲ್ಲಿದ್ದೋರು ಮೆಕ್ಯಾನಿಕ್ಕು, ಇನ್ನೊಬ್ಬರು ನೀವು."

ಮ್ಯಾನೇಜರರ ಮುಖಕ್ಕೆ ರಕ್ತ ಏರಿತು. "ಏನ್ ಸಾರ್, ದೂರು ಕೊಟ್ಟೋನ ಬುಡಕ್ಕೇ ಬರ್ತೀರಲ್ಲ! ಅವರು ಬರೋದು ನಾಲ್ಕೂವರೆಗೆ!"

"ಇವತ್ತಾ?"

"ದಿನಾ! ಇಲ್ದಿದ್ರೆ ಪ್ರಯಾಣಿಕರ ಬ್ಯಾಗು ತೂಗೋರು ಯಾರು? ಇಂಧನ ನೋಡೋರು ಯಾರು? ಇವತ್ತೂ ಕೋ-ಪೈಲಟ್ಟು ಐದರಿಂದ ಐದೂವರೆವರೆಗೆ ನನ್ನ ಕಣ್ಣೆದುರಿಗೇ ತಕ್ಕಡಿ ಹತ್ತಿರ ನಿಂತಿದ್ದ. ಆಕೆ ಒಬ್ಬಳೇ ವಿಮಾನದ ಕಡೆ ಹೋದಳು. ನಾನೇ ನೋಡಿದ್ದೀನಿ."

"ಹಾಗಾದ್ರೆ ಪುಸ್ತಕದಲ್ಲಿರೋ 5.30?"

"ಅದು... ಪುಸ್ತಕಕ್ಕೆ."

ಮೀಸೆ ತಲೆಯೆತ್ತದೆ ಬರೆಯುತ್ತಿದ್ದ. "ಸಾರ್, 'ದಿನಾ' ಅಂತಲೇ ಹಾಕ್ಲಾ?"

"ಹಾಕಯ್ಯ! ಕಳ್ಳಿ ಸಿಕ್ಕಿದ್ರೆ ಸಾಕು ನನಗೆ."

ಹೇಳಿಕೆ ಓದಿ ಹೇಳಲಾಯಿತು. 10.25ಕ್ಕೆ ಮ್ಯಾನೇಜರು ಎರಡು ಪುಟಕ್ಕೂ ಸಹಿ ಹಾಕಿದರು. ಪೆನ್ನು ಕೆಳಗಿಟ್ಟ ಮೇಲೆ ಗೋಡೆಯ ಮೇಲಿನ ಚೌಕಟ್ಟು ಕಣ್ಣಿಗೆ ಬಿತ್ತೋ ಏನೋ, ನೀರು ಕೇಳಿದರು. ಹಾಜರಿ ಪುಸ್ತಕವನ್ನು ಮಹಿಳಾ ಕಾನ್‌ಸ್ಟೇಬಲ್ ಆಗಲೇ ವಶಕ್ಕೆ ತೆಗೆದುಕೊಂಡಿದ್ದಳು.

ವಿಶ್ರಾಂತಿ ಕೋಣೆಗೆ ಮರಳಿದಾಗ 10.40. ಮೀಸೆ ತನ್ನ ಹಳೆಯ ಜಾಗದಲ್ಲೇ ಕೂತ. ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಓದಿದರು. ಕ್ಯಾಪ್ಟನ್ ಕೊನೆಯವರೆಗೂ ಕೇಳಿದರು.

"ಸಹಿ ಹಾಕಿದ್ರಾ?"

"ಹಾಕಿದ್ದಾರೆ."

"ನಾಲ್ಕೂವರೆ, ದಿನಾ, ಅಂತ ಅವರ ಬಾಯಲ್ಲೇ?"

"ಅವರ ಬಾಯಲ್ಲೇ."

ಕ್ಯಾಪ್ಟನ್ ನಕ್ಕರು. ಬೆಳಗಿನಿಂದ ಆ ಮುಖದಲ್ಲಿ ಇನ್‌ಸ್ಪೆಕ್ಟರ್ ಕಂಡ ಮೊದಲ ನಗು. ಆಮೇಲೆ ಮೀಸೆಯ ಕಡೆ ತಿರುಗಿ, "ಅಣ್ಣ, ಸ್ವಲ್ಪ ಎದ್ದೇಳ್ತೀರಾ?" ಎಂದರು.

ಮೀಸೆ ಎದ್ದ. ಅವನು ಎರಡು ಸಲವೂ ಕೂತಿದ್ದ ಮಂಚದ ಹಾಸಿಗೆಯನ್ನು ಕ್ಯಾಪ್ಟನ್ ಎತ್ತಿದರು. ಕೆಳಗೆ ನೀಲಿ ರಟ್ಟಿನ ಪುಸ್ತಕ.

"ಅಯ್ಯೋ ನಿನ್ನ!" ಎಂದ ಮೀಸೆ ನಾಲಿಗೆ ಕಚ್ಚಿಕೊಂಡ. ಮಹಿಳಾ ಕಾನ್‌ಸ್ಟೇಬಲ್ ಗೋಡೆ ಕಡೆ ತಿರುಗಿ ಕೆಮ್ಮಿದಳು.

"ಬೇರೆಲ್ಲೂ ಇಡೋಕೆ ಧೈರ್ಯ ಬರಲಿಲ್ಲ," ಎಂದರು ಕ್ಯಾಪ್ಟನ್. "ಈ ಕೋಣೆಗೆ ಕಂಪನಿಯವರು ಇವತ್ತಿನವರೆಗೂ ಕಾಲಿಟ್ಟಿಲ್ಲ. ಹೌದು, ನಾನೇ ಕದ್ದೆ. ತಪ್ಪಾಯ್ತು ಅಂತ ಬರ್ಕೋಬೇಡಿ, ಹಾಗೆ ನಾನು ಹೇಳಲ್ಲ. ನಲವತ್ತೇಳನೇ ಪುಟ ತೆಗೀರಿ ಸಾರ್."

ಇನ್‌ಸ್ಪೆಕ್ಟರ್ ತೆಗೆದರು. ಗುಂಡನೆಯ ಅಕ್ಷರ. 'ಎರಡನೇ ತಾರೀಕು. ದಿನದ ಆರನೇ ಹಾರಾಟ. ಸಂಜೆ 5.42ರಿಂದ 5.53ರವರೆಗೆ ಪೈಲಟ್‌ಗಳಿಬ್ಬರೂ ನಿದ್ದೆಯಲ್ಲಿದ್ದೆವು. ರೇಡಿಯೋ ಕರೆಗಳಿಗೆ ಉತ್ತರ ಕೊಟ್ಟಿಲ್ಲ. ಪ್ರಯಾಣಿಕರು ಹತ್ತೊಂಬತ್ತು.' ಕೆಳಗೆ ಇಬ್ಬರ ಸಹಿ.

ಇನ್‌ಸ್ಪೆಕ್ಟರ್ ಅದನ್ನು ಎರಡನೇ ಸಲ ಓದಿದರು.

"ಹೇಗೆ ಎಚ್ಚರವಾಯ್ತು?"

"ಮುಂದಿನ ಸೀಟಲ್ಲಿ ಒಬ್ಬ ಅಜ್ಜಿ ಇದ್ರು. ಪರದೆ ಸರಿಸಿ ಕೊಡೆ ತುದಿಯಿಂದ ನನ್ನ ಭುಜ ತಿವಿದ್ರು. 'ಮಗಳೇ, ಆ ಪೆಟ್ಟಿಗೆಯೊಳಗಿಂದ ಯಾರೋ ಆಗ್ಲಿಂದ ಕೂಗ್ತಾ ಇದ್ದಾರೆ, ಓಗೊಡಬಾರ್ದಾ' ಅಂದ್ರು. ಇಳಿಯೋವಾಗ ಕೈ ಹಿಡಿದು ಚೆನ್ನಾಗಿ ಬಿಟ್ಟೆ ತಾಯಿ ಅಂತ ಹರಸಿ ಹೋದ್ರು. ಆ ಹರಕೆ ಇನ್ನೂ ಚುಚ್ಚುತ್ತೆ ಸಾರ್, ಕೊಡೆಗಿಂತ ಜಾಸ್ತಿ."

"ಮ್ಯಾನೇಜರಿಗೆ ಹೇಳಲಿಲ್ವಾ?"

"ಆ ಪುಟ ಹರಿ ಅಂದ್ರು. ಹರಿಯಲ್ಲ ಅಂದೆ. ಸೋಮವಾರ ಸರ್ಕಾರದ ತಪಾಸಣೆ ಇದೆ. ಅಷ್ಟರೊಳಗೆ ಪುಸ್ತಕಕ್ಕೆ ಏನಾದ್ರೂ ಆಗ್ತಿತ್ತು. ಹೋದ ವರ್ಷದ ಒಂದು ಪುಸ್ತಕ ನೀರಲ್ಲಿ ನೆನೀತು, ಇನ್ನೊಂದನ್ನ ಇಲಿ ತಿಂತು. ನಮ್ಮ ಕಂಪನಿ ಇಲಿಗಳಿಗೆ ಓದು ಬರಹ ಚೆನ್ನಾಗಿ ಬರುತ್ತೆ."

"ಫೋಟೋ ತೆಗೆದು ಮೇಲಿನವರಿಗೆ ಕಳಿಸಬಹುದಿತ್ತು."

"ಹೋದ ಸಲ ಕಳಿಸಿದೆ. ಮೂಲ ಪುಸ್ತಕ ಎಲ್ಲಿ, ಇದು ಹುಟ್ಟಿಸಿದ್ದು ಅಂದ್ರು. ಪತ್ರ ಬರೆದೆ, ಮೂರು. ಮೂರೂ ತಿರುಗಿ ನಮ್ಮ ಮ್ಯಾನೇಜರ ಮೇಜಿಗೇ ಬಂದ್ವು, ಸೂಕ್ತ ಕ್ರಮಕ್ಕಾಗಿ ಅಂತ."

"ನನ್ನ ಹತ್ತಿರ ತಂದುಕೊಡಬಹುದಿತ್ತು."

"ತಂದಿದ್ರೆ ಏನಂತಿದ್ರಿ? ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ವಿಮಾನ ಇಲಾಖೆಗೆ ಹೋಗು ಅಂತಿದ್ರಿ. ಹೌದೋ ಅಲ್ಲವೋ?"

"ಹೌದು," ಎಂದರು ಇನ್‌ಸ್ಪೆಕ್ಟರ್. ಸುಳ್ಳು ಹೇಳುವ ವಯಸ್ಸು ದಾಟಿತ್ತು.

"ಈಗ ನೋಡಿ, ಕಂಪನಿಯೇ ಕೈ ಹಿಡಿದು ನಿಮ್ಮನ್ನ ಕರ್ಕೊಂಡು ಬಂದಿದೆ. ಪುಟದ ಸಂಖ್ಯೆ ಸಮೇತ ದೂರು ಬರೆದುಕೊಟ್ಟಿದೆ."

"ಆ ದೊಡ್ಡ ವಿಮಾನದ ಕೆಲಸ ಹೋಯ್ತಲ್ಲಮ್ಮ," ಮೀಸೆ ತಡೆಯಲಾರದೆ ಅಂದ. "ಹದಿನೆಂಟು ವರ್ಷ."

"ದೊಡ್ಡ ವಿಮಾನ ಬೇಕು ಅಂತ ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಅಣ್ಣ. ಮುಂದಿನವರೂ ಅದೇ ಆಸೆಗೆ ಮುಚ್ಚಿಕೊಳ್ತಾರೆ. ಈ ಹುಡುಗನೂ." ಕೋ-ಪೈಲಟ್ಟನ್ನು ತೋರಿಸಿದರು. "ಆಸೆ ತೋರಿಸಿಯೇ ನಮ್ಮನ್ನ ದುಡಿಸೋದು. ನನಗೆ ಸಾಕಾಯ್ತು."

ಇಂಧನ ಲಾರಿಯ ಚಾಲಕ ಮತ್ತು ಟಿಕೆಟ್ ಗುಮಾಸ್ತೆಯನ್ನು ಪಂಚರನ್ನಾಗಿ ಕರೆಸಿ 11.15ಕ್ಕೆ ಪಂಚನಾಮೆ ಮಾಡಲಾಯಿತು. ಇನ್‌ಸ್ಪೆಕ್ಟರ್ ಅರವತ್ತೊಂದು ಪುಟಗಳನ್ನೂ ಎಣಿಸಿ, ಪ್ರತಿ ಪುಟಕ್ಕೂ ಪಂಚರ ಸಹಿ ಹಾಕಿಸಿದರು. ನಲವತ್ತೇಳನೆಯದನ್ನು ಅಕ್ಷರಶಃ ಪಂಚನಾಮೆಯಲ್ಲಿ ಬರೆಸಿದರು. ಇನ್ನು ಆ ಪುಟವನ್ನು ನೀರೂ ಮುಟ್ಟುವಂತಿರಲಿಲ್ಲ, ಇಲಿಯೂ. 11.50ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ ಕ್ಯಾಪ್ಟನ್ನನ್ನು ಬಂಧಿಸಲಾಯಿತು. ಮನೆಯವರಿಗೆ ತಿಳಿಸಬೇಕೆಂಬ ನಿಯಮದಂತೆ ಅವರು ಗಂಡನಿಗೆ ಫೋನು ಮಾಡಿದರು.

"ರೀ, ಹಿಡಿದ್ರು... ಹೂಂ, ಸಿಕ್ತು, ಎಲ್ಲ ಪುಟನೂ ಇದೆ... ಅಳ್ಬೇಡಿ, ನಾನೇ ಅತ್ತಿಲ್ಲ."

ಮ್ಯಾನೇಜರು ಬಾಗಿಲಲ್ಲಿ ಕೈ ಚಾಚಿ ನಿಂತಿದ್ದರು. "ಸಿಕ್ತಲ್ಲ ಸಾರ್, ಪುಸ್ತಕ ಕೊಡಿ. ಎರಡು ಗಂಟೆಗೆ ವಿಮಾನ ಬಿಡಬೇಕು, ಬೇರೆ ಕ್ಯಾಪ್ಟನ್ನನ್ನ ಕರೆಸ್ತಿದ್ದೀನಿ."

"ಇದು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ನ್ಯಾಯಾಲಯದಲ್ಲಿ ಕೇಳಿ," ಎಂದರು ಇನ್‌ಸ್ಪೆಕ್ಟರ್. "ಸುಳ್ಳು ಹಾಜರಿ ಬರೆದ ವಿಚಾರಕ್ಕೆ ನೀವು ನಾಳೆ ಹತ್ತಕ್ಕೆ ಠಾಣೆಗೆ ಬರಬೇಕು. ನೋಟಿಸ್ ಕೊಡ್ತೀನಿ."

ಮ್ಯಾನೇಜರು ಚಾಚಿದ ಕೈ ಹಿಂತೆಗೆದುಕೊಂಡರು. ಸಿಟ್ಟು ಇಳಿಸಲು ಕೋ-ಪೈಲಟ್ ಕಂಡ. "ನೀನೇನು ನೋಡ್ತಾ ನಿಂತೆ? ಹೊಸ ಪುಸ್ತಕ ತರಿಸ್ತೀನಿ. ಎರಡು ಗಂಟೆಗೆ ತಯಾರಾಗು."

ಕೋ-ಪೈಲಟ್ ಬೂಟು ಬಿಚ್ಚಿ ಜೋಡಿಸಿಟ್ಟ. ಮಂಚದ ಮೇಲೆ ಮಲಗಿ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡ.

"ಏಯ್!"

"ಬೆಳಿಗ್ಗೆ ನಾಲ್ಕೂವರೆಗೆ ಬಂದಿದ್ದೀನಿ ಸಾರ್. ನೀವೇ ಸಹಿ ಹಾಕಿದ್ದೀರಿ," ಎಂದಿತು ಟೋಪಿಯ ಒಳಗಿನ ದನಿ. "ಎರಡಕ್ಕೆ ಹೊರಟು ಸಂಜೆ ಆರೂವರೆಗೆ ಮುಗಿಸಿದ್ರೆ ಹದಿಮೂರು ಗಂಟೆ ದಾಟುತ್ತೆ. ಏಳಲ್ಲ."

ಜೀಪಿನ ಹತ್ತಿರ ಮೆಕ್ಯಾನಿಕ್ ನಿಂತಿದ್ದ. ಕ್ಯಾಪ್ಟನ್ ತಲೆ ತಗ್ಗಿಸದೆ ನಡೆದು ಬಂದು, "ಎಡಗಡೆ ಚಕ್ರದಲ್ಲಿ ಗಾಳಿ ಕಮ್ಮಿ ಇದೆ ಕಣೋ, ನೋಡ್ಕೋ," ಎಂದು ಹೇಳಿ ಹತ್ತಿದರು.

ಠಾಣೆಯಲ್ಲಿ ಕಾಗದದ ಕೆಲಸ ಮುಗಿಯುವಷ್ಟರಲ್ಲಿ ಒಂದೂವರೆಯಾಗಿತ್ತು. ಮಹಿಳಾ ಕಾನ್‌ಸ್ಟೇಬಲ್ ಬಂದು ಮೇಜಿನ ಮುಂದೆ ನಿಂತಳು.

"ಸಾರ್, ಅವರು ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋಗಿದ್ದಾರೆ. ಇನ್ನೊಂದು ಸಹಿ ಬಾಕಿ ಇದೆ. ಎಬ್ಬಿಸ್ಲಾ?"

"ಬೇಡ. ತಾನಾಗಿ ಏಳಲಿ."

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವೆಂದು ಒಂದು ಕಲಂ ಇದೆ. ಸಾಮಾನ್ಯವಾಗಿ ಅಲ್ಲಿ ಒಂದೇ ಪದ ಬರೆದು ಮುಗಿಸುತ್ತಿದ್ದ ಇನ್‌ಸ್ಪೆಕ್ಟರ್ ಈ ಸಲ ಪೆನ್ನು ಹಿಡಿದು ತುಸು ಹೊತ್ತು ಕೂತರು. ಬೆಳಗಿನ ಬೇಡಿಕೆಯನ್ನು ದೇವರು ನಡೆಸಿಕೊಟ್ಟನೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ತಿಳಿದಷ್ಟನ್ನು ಬರೆದರು:

'ಲಾಭದ ಉದ್ದೇಶ ಕಂಡುಬಂದಿಲ್ಲ. ತಾನು ನಿದ್ದೆಹೋದದ್ದನ್ನು ಆರೋಪಿಯು ತಾನೇ ಬರೆದಿಟ್ಟಿದ್ದರು. ಬರೆದದ್ದು ಉಳಿಯಲೆಂದು ಕದ್ದರು.'