ಎಂಜಿನ್ ಆರುವವರೆಗೆ

ಕಾರಿನ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್‌ಗೆ ಮೊದಲು ಕಂಡದ್ದು ಅವಳ ಚಪ್ಪಲಿ. ಎಡಗಾಲಿನ ಕಿತ್ತುಹೋದ ಪಟ್ಟಿಗೆ ಒಮ್ಮೆ ಅವನೇ ಸುತ್ತಿಕೊಟ್ಟಿದ್ದ ತಾಮ್ರದ ತಂತಿ ಇನ್ನೂ ಹಾಗೇ ಇತ್ತು.

ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು.

"ಯಾರಾದರೂ ಇದ್ದೀರಾ?"

ಆ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು!

ಅವನು ಜಾರಿ ಹೊರಬಂದು ಎದ್ದು ನಿಂತ. ಅವನನ್ನು ಕಂಡು ಅವಳ ಎದೆ ಡವಡವ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಏಳು ತಿಂಗಳ ಹಿಂದೆ ಅಪ್ಪ ತೀರಿಹೋದ ದಿನದಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಕೂಡ ಬಂದಿರಲಿಲ್ಲ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ದಿನಕ್ಕೆ ಎಪ್ಪತ್ತು ಜನರ ರಕ್ತ ತೆಗೆಯುತ್ತಿದ್ದಳು, ಮನೆಗೆ ಬಂದು ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಅಷ್ಟೇ.

"ಅಪ್ಪನ ಕಾರು... ಎಂಜಿನ್ ತಣ್ಣಗಿಡೋ ಕೂಲಂಟ್ ನೀರು ಕಡಿಮೆಯಾಗ್ತಿದೆ," ಎಂದಳು. "ಹತ್ತು ದಿನಕ್ಕೊಮ್ಮೆ ತುಂಬಿಸಬೇಕು. ನೆಲಕ್ಕೆ ಒಂದು ಹನಿಯೂ ಬೀಳಲ್ಲ. ಮೂರು ಗ್ಯಾರೇಜಲ್ಲಿ ಏನೂ ಇಲ್ಲ ಅಂದ್ರು. ಬೇರೆ ದಾರಿ ಇಲ್ಲದೆ ಇಲ್ಲಿಗೆ ಬಂದೆ. ಭಾನುವಾರ ಅಮ್ಮನ್ನ ಕರ್ಕೊಂಡು ಅಕ್ಕನ ಊರಿಗೆ ಹೋಗ್ಬೇಕು."

"ವಾಪಸ್ ಯಾವಾಗ?"

"ಬರಲ್ಲ. ಅಲ್ಲೇ ಕೆಲಸ ನೋಡ್ಕೋತೀನಿ."

ಸರಿಮಾಡಿಕೊಟ್ಟರೆ ಹೋಗಿಬಿಡುತ್ತಾಳೆ... ಆದರೂ ಅವನು ಬಾನೆಟ್ ಎತ್ತಿದ.

"ಎಂಜಿನ್ ಕಾದಿದೆ. ಈಗ ರೇಡಿಯೇಟರ್ ಮುಚ್ಚಳ ತೆಗೆದ್ರೆ ಮುಖಕ್ಕೆ ಹಾರತ್ತೆ. ಎರಡು ಗಂಟೆ ಆರಬೇಕು. ಕೂತಿರ್ತೀಯಾ?"

"ಬೇರೆಯವರು ಹತ್ತೇ ನಿಮಿಷದಲ್ಲಿ ನೋಡಿದ್ರು."

"ಅದಕ್ಕೇ ಸಿಗಲಿಲ್ಲ. ಬಿಸಿ ಇದ್ದಾಗ ಎಲ್ಲ ಹಿಗ್ಗಿ ಸಂದು ಮುಚ್ಕೊಂಡಿರತ್ತೆ. ಕೆಲವು ಲೀಕು ಆರಿದ ಮೇಲೇ ಜಿನುಗೋದು."

ಹಳೇ ಟೈರುಗಳ ಪಕ್ಕದ ಬೆಂಚಿನಲ್ಲಿ ಅವಳು ಕುಳಿತಳು. ಅವನ ಬೆನ್ನು ನೋಡುತ್ತಿದ್ದಂತೆ ಆ ದಿನ ಕಣ್ಣಮುಂದೆ ಬಂತು. ಅಪ್ಪನನ್ನು ಕೊನೆಯ ಸಲ ಮನೆಯಿಂದ ಹೊರಡಿಸುವ ಹೊತ್ತು. ಒಳಗೆ ಎಲ್ಲರೂ ಅಳುತ್ತಿದ್ದರೆ, ಅವಳನ್ನು ಮದುವೆಯಾಗಬೇಕಿದ್ದ ಇವನು ಗೇಟಿನ ಬಳಿ ಇದೇ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿದ್ದ!

ನನ್ನಪ್ಪನಿಗಿಂತ ಇವನಿಗೆ ಎಂಜಿನ್ನೇ ಹೆಚ್ಚಾಯಿತೇ? ಅಂದೇ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು.

ಎರಡು ಗಂಟೆ ಕಳೆಯಿತು. ಅವನು ಮುಚ್ಚಳ ತೆಗೆದು, ಆ ಬಾಯಿಗೆ ಸೈಕಲ್ ಪಂಪಿನಂಥ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಮೀಟರಿನ ಮುಳ್ಳು ಏರಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು. ಐದು ನಿಮಿಷದಲ್ಲಿ ಮುಳ್ಳು ಕೂದಲೆಳೆಯಷ್ಟು ಇಳಿಯಿತು.

"ಬಾ, ಇಲ್ಲಿ ನೋಡು," ಎಂದು ಟಾರ್ಚ್ ಹಿಡಿದ. ಹೋಸ್ ಪೈಪು ಎಂಜಿನ್ನಿಗೆ ಸೇರುವಲ್ಲಿ ಒಣಗಿದ ಕೂಲಂಟಿನ ಗುಲಾಬಿ ಬಣ್ಣದ ಕಲೆ, ಅದರ ಅಂಚಿನಲ್ಲಿ ಸಾಸಿವೆಯಷ್ಟು ಹನಿ. "ಕ್ಲಿಪ್ ಸಡಿಲ. ಹನಿ ಎಂಜಿನ್ ಮೈಮೇಲೇ ಕೂತಿದ್ದು, ಗಾಡಿ ಓಡಿದಾಗ ಒಣಗಿಹೋಗತ್ತೆ."

ಅವಳ ಕಣ್ಣು ಹನಿಯಿಂದ ಆಚೆ ಸರಿಯಿತು. ಪೈಪಿನ ಸುತ್ತ ತಾಮ್ರದ ತಂತಿ. ಅವಳ ಚಪ್ಪಲಿಯಲ್ಲಿದ್ದಂಥದೇ ಗಂಟು.

"ಇದು ನೀನು ಕಟ್ಟಿದ್ದು... ಯಾವಾಗ?"

"ಅವತ್ತು." ಅವನು ಟಾರ್ಚ್ ಆರಿಸಿದ. "ಹಿಂದಿನ ದಿನ ನಿಮ್ಮಪ್ಪ ಫೋನ್ ಮಾಡಿದ್ರು. ಕಾರು ನೀರು ಕುಡೀತಿದೆ ಕಣಪ್ಪ, ನಾಳೆ ತರ್ತೀನಿ ಅಂದ್ರು. ತರೋಕಾಗ್ಲಿಲ್ಲ. ಸ್ಮಶಾನಕ್ಕೆ ಅವರ ಹಿಂದೆ ನೀನೂ ಅಮ್ಮನೂ ಇದೇ ಕಾರಲ್ಲಿ ಹೋಗ್ಬೇಕಿತ್ತು. ಅರ್ಧ ದಾರೀಲಿ ನಿಂತುಬಿಟ್ರೆ ಅಂತ... ಜೇಬಲ್ಲಿ ತಂತಿ ಇತ್ತು. ಇಷ್ಟು ದಿನ ತಡೆದಿದ್ದೇ ಹೆಚ್ಚು."

"ನನಗ್ಯಾಕೆ ಹೇಳಲಿಲ್ಲ?"

"ಫೋನ್ ಹೋಗ್ತಿರಲಿಲ್ಲ. ಲ್ಯಾಬಿಗೆ ಬಂದೆ. ಟೋಕನ್ ಇಲ್ಲದೆ ಒಳಗೆ ಬಿಡಲ್ಲ ಅಂದ್ರು. ಸರಿ, ಟೋಕನ್ ತಗೊಂಡು ರಕ್ತ ಕೊಡೋಕೆ ಕೂತೆ. ನೀನು ತೋಳಿಗೆ ಪಟ್ಟಿ ಕಟ್ಟಿದೆ, ಸೂಜಿ ಚುಚ್ಚಿದೆ, 'ಹತ್ತಿ ಒತ್ತಿ ಹಿಡ್ಕೊಳಿ, ಮುಂದಿನವರು ಬನ್ನಿ' ಅಂದೆ. ಮುಖ ಎತ್ತಲೇ ಇಲ್ಲ. ನೀನು ಬೇಕಂತಲೇ ಹಾಗೆ ಮಾಡ್ದೆ ಅಂದ್ಕೊಂಡೆ."

ಅವಳಿಗೆ ನೆನಪೇ ಇರಲಿಲ್ಲ. ಇವನ ಕೈ ಹಿಡಿದು, ನರ ಹುಡುಕಿ... ಗೊತ್ತೇ ಆಗಿರಲಿಲ್ಲ! ಎಪ್ಪತ್ತು ತೋಳುಗಳಲ್ಲಿ ಅದೂ ಒಂದಾಗಿತ್ತು.

ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಅಳು ಬಂತು. ಕಾರಿನ ಅಂಚು ಹಿಡಿದುಕೊಂಡು, "ಅಪ್ಪಾ..." ಎಂದು ಏಳು ತಿಂಗಳ ಅಳುವನ್ನೆಲ್ಲ ಅತ್ತಳು. ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತ.

ಆಮೇಲೆ ತಂತಿ ಬಿಚ್ಚಿ ಹೊಸ ಕ್ಲಿಪ್ ಬಿಗಿದ. ಮತ್ತೆ ಗಾಳಿ ಒತ್ತಿದ. ಈ ಸಲ ಮುಳ್ಳು ಅಲುಗಲಿಲ್ಲ.

"ಆಯ್ತು. ಭಾನುವಾರ ಧೈರ್ಯವಾಗಿ ಹೋಗು," ಎಂದ ಅವನ ದನಿ ಕುಗ್ಗಿತ್ತು.

ಅವಳು ಆ ತಂತಿಯನ್ನು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡಳು.

"ನಿನ್ನ ರಿಪೋರ್ಟ್ ತಗೊಂಡ್ಯಾ?"

"ಇಲ್ಲ. ನಾನೇನು ಅದಕ್ಕೆ ಬಂದಿದ್ನಾ?"

"ಹಾಗಾದ್ರೆ ಇನ್ನೂ ಅಲ್ಲೇ ಇರತ್ತೆ." ಕಣ್ಣೊರೆಸಿಕೊಂಡಳು. "ಅಮ್ಮನ್ನ ಅಕ್ಕನ ಮನೇಲಿ ಬಿಟ್ಟು ವಾಪಸ್ ಬರ್ತೀನಿ. ನಿನ್ನ ಬಿಟ್ಟು ಹೋಗೋಕೆ ನಂಗಾಗಲ್ಲ. ಸೋಮವಾರ ಲ್ಯಾಬಿಗೆ ಬಾ."

"ಟೋಕನ್ ತಗೋಬೇಕಾ?"

"ತಗೋ," ಎಂದಳು. "ಆದ್ರೆ ಈ ಸಲ ಮುಖ ನೋಡದೆ ಕಳಿಸಲ್ಲ."