ಪರದೆಯ ಮುಂದೆ ತೂಗಿದ ತಲೆ

ಬೆಳಿಗ್ಗೆ ಹತ್ತೂವರೆಗೆ ಕಾರ್ಖಾನೆಯ ಮಾಲೀಕರೇ ಠಾಣೆಗೆ ಬಂದು ದೂರು ಕೊಟ್ಟರು. ಕನ್ನಡಕವಿಲ್ಲದೆಯೇ ಚಿತ್ರವನ್ನು ಮೂರು ಆಯಾಮದಲ್ಲಿ ತೋರಿಸುವ ಹೊಸ ಪರದೆಯ ಕ್ಯಾಮೆರಾ ಕಳುವಾಗಿತ್ತು. ನೋಡುವವನ ತಲೆ ಎತ್ತ ಸರಿಯಿತೆಂದು ಆ ಕ್ಯಾಮೆರಾ ಗಮನಿಸಬೇಕು. ಆಗಲೇ ಪರದೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕಳಿಸುತ್ತದೆ. ಮಧ್ಯಾಹ್ನ ಗಿರಾಕಿಗಳ ಮುಂದೆ ಪರೀಕ್ಷೆಯಿತ್ತು.

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಪರೀಕ್ಷಾ ಕೋಣೆಯಲ್ಲಿ ಪಂಚನಾಮೆ ಬರೆಸಿದರು. ಬೀಗ ಮುರಿದಿರಲಿಲ್ಲ. ಬೆಳಿಗ್ಗೆ ಒಳಬಂದವರು ಇಬ್ಬರೇ: ಕಸ ಗುಡಿಸುವ ಹೆಂಗಸು ಮತ್ತು ಹಿರಿಯ ಪರೀಕ್ಷಕ. ಹೊಸಬರಿಗೆಲ್ಲ ಕೆಲಸ ಕಲಿಸಿದವರಾದ್ದರಿಂದ ಆ ಪರೀಕ್ಷಕರಿಗೆ 'ಮೇಷ್ಟ್ರು' ಎಂದೇ ಹೆಸರು.

"ಮೊದಲು ಆಕೆ ಚೀಲ ನೋಡಿ," ಎಂದರು ಇನ್‌ಸ್ಪೆಕ್ಟರ್.

ಮೊದಲು ಆಕೆಯದೇ ಯಾಕೆಂದು ಯಾರೂ ಕೇಳಲಿಲ್ಲ. ಮೇಷ್ಟ್ರಿಗೆ ಕುರ್ಚಿ ಹಾಕಿಕೊಟ್ಟರು. ಮಹಿಳಾ ಪೇದೆ ಚೀಲವನ್ನು ಮೇಜಿನ ಮೇಲೆ ಸುರಿದಳು. ಊಟದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ತೇಪೆ ಹಾಕಿದ ಒಳಲಂಗ. ಕಾರ್ಖಾನೆಯ ಜನರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕ್ಯಾಮೆರಾ ಇರಲಿಲ್ಲ.

ಕಳುವಾದ ಕ್ಯಾಮೆರಾ ಮಾಡುವ ಕೆಲಸವೇನೆಂದು ತಿಳಿಯಲು ಇನ್‌ಸ್ಪೆಕ್ಟರ್ ಪಕ್ಕದ ಹಳೆಯ ಪರದೆಯನ್ನು ಹಚ್ಚಿಸಿದರು. ಕೆಂಪು ಚೆಂಡೊಂದು ಗಾಜಿನಿಂದ ಹೊರಬಂದು ನಿಂತಿತು, ನೀಲಿಯದೊಂದು ಒಳಗೇ ಉಳಿಯಿತು. ಪೇದೆ ಕೈಚಾಚಿದಳು.

"ಹಿಡಿಯೋಕೇ ಹೋದೆ ಸಾರ್!"

"ಅದನ್ನೂ ಜಪ್ತಿ ಮಾಡ್ತೀಯೇನಮ್ಮ? ಸುಮ್ನಿರು. ಮೇಷ್ಟ್ರೇ, ನೀವು ಹೇಗೆ ನೋಡ್ತೀರಿ, ತೋರಿಸಿ."

ಮೇಷ್ಟ್ರು ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿ, ಆಮೇಲೆ ಹೇಳಿದರು: "ಕೆಂಪು ಮುಂದೆ, ನೀಲಿ ಹಿಂದೆ."

"ನಮಗೆ ಅಲ್ಲಾಡದೇನೇ ಕಾಣಿಸ್ತಲ್ಲ?"

"ಅಭ್ಯಾಸ ಸಾರ್."

"ಮಧ್ಯಾಹ್ನಾನೂ ಹೀಗೇನಾ?"

ಮಾಲೀಕರು ಉತ್ತರಿಸಿದರು: "ಇಲ್ಲ, ಈ ಸಲ ಸ್ಟ್ಯಾಂಡಿನ ಮೇಲೆ ಗದ್ದ ಊರಿ, ಮಿಸುಕಾಡದೆ ನೋಡ್ಬೇಕು. ಗಿರಾಕಿಗಳು ಹೇಳಿಬಿಟ್ಟಿದ್ದಾರೆ."

ಇನ್‌ಸ್ಪೆಕ್ಟರ್ ಪೆನ್ನು ಚಾಚಿದರು. "ಹೇಳಿಕೆಗೆ ಸಹಿ ಹಾಕಿ."

ಮೇಷ್ಟ್ರ ಬೆರಳುಗಳು ಪೆನ್ನಿಗಿಂತ ಎರಡಂಗುಲ ಈಚೆಗೇ ಮುಚ್ಚಿಕೊಂಡವು.

"ಯಾವ ಕಣ್ಣು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಎಡಗಣ್ಣು," ಎಂದರು ಮೇಷ್ಟ್ರು ತಲೆತಗ್ಗಿಸಿ. "ಹೋದ ವರ್ಷದಿಂದ ಕಾಣಲ್ಲ. ತಲೆ ಆಡಿಸಿದ್ರೆ ಹತ್ತಿರದ್ದು ಜಾಸ್ತಿ ಸರಿಯುತ್ತೆ, ದೂರದ್ದು ಕಮ್ಮಿ. ಒಂದೇ ಕಣ್ಣಲ್ಲಿ ಹೇಗೋ ಸಂಭಾಳಿಸ್ತಿದ್ದೆ. ಗದ್ದ ಊರಿದ್ರೆ ಎಲ್ಲಾ ಚಪ್ಪಟೆ. ನಾನು ಕಲಿಸಿದ ಹುಡುಗರೆಲ್ಲ ಅಲ್ಲೇ ಇರ್ತಿದ್ರು. ಪರೀಕ್ಷೆ ನಿಂತುಹೋದ್ರೆ ಸಾಕಾಗಿತ್ತು."

ಕ್ಯಾಮೆರಾ ಅವರ ಹೆಲ್ಮೆಟ್ಟಿನೊಳಗೆ ಸಿಕ್ಕಿತು, ಕರವಸ್ತ್ರದಲ್ಲಿ ಸುತ್ತಿದ್ದು. ಬಂಧನವಾಯಿತು.

"ಆಕೆಯ ಚೀಲ ಸುರಿದಾಗಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಿಡಬೇಕಿತ್ತು ಸಾರ್. ನೋಡ್ತಾ ಕೂತಿದ್ದೆ."

ಇನ್‌ಸ್ಪೆಕ್ಟರ್ ವರದಿಯ ಹಾಳೆ ತೆಗೆದರು. ಚೀಲ ಸುರಿದಾಗ ಅವರೂ ಎರಡು ಕಣ್ಣಲ್ಲೂ ನೋಡುತ್ತ ನಿಂತಿದ್ದರು. ವರದಿಯಲ್ಲಿ ಕಾರಣದ ಜಾಗದಲ್ಲಿ ಮೊದಲು 'ಕೆಲಸ ಹೋಗುವ ಭಯ' ಎಂದು ಬರೆಸಿದರು. ಹೊಡೆದುಹಾಕಿಸಿ 'ನಾಚಿಕೆ' ಎಂದು ಬರೆಸಿದರು.

ಹೆಂಗಸು ಇನ್ನೂ ಗೋಡೆಗಂಟಿ ನಿಂತಿದ್ದಳು.

"ತಪ್ಪಾಯ್ತಮ್ಮ," ಎಂದರು ಇನ್‌ಸ್ಪೆಕ್ಟರ್.

"ನಿಮ್ಮ ಕೆಲಸ ನೀವು ಮಾಡಿದ್ರಿ ಸಾರ್. ಸುರಿದದ್ದನ್ನ ತುಂಬಿ ಕೊಟ್ಟಿದ್ರೆ ಸಾಕಿತ್ತು."

ಎಲ್ಲವೂ ಮೇಜಿನ ಮೇಲೆ ಹಾಗೇ ಹರಡಿಕೊಂಡಿತ್ತು. ಇನ್‌ಸ್ಪೆಕ್ಟರ್ ಡಬ್ಬಿಗೆ ಕೈಚಾಚಿದರು. ಅಷ್ಟರಲ್ಲಿ ಅವಳೇ ಅದನ್ನು ತನ್ನತ್ತ ಎಳೆದುಕೊಂಡಳು. ಅವರ ಕೈ ಗಾಳಿಯಲ್ಲೇ ಉಳಿಯಿತು.